ಬಾದಾಮಿಯ ಮೇಣಬಸದಿ: ಬಂಡೆ ಕೊರೆದು ಮಾಡಿದ ಗುಡಿಗಳ ಚರಿತ್ರೆ

ಬಾಗಲಕೋಟೆ ಜಿಲ್ಲೆಯ ಬಾದಾಮಿಯಲ್ಲಿ ಅಗಸ್ತ್ಯತೀರ್ಥವೆಂಬ ಕೆರೆಯ ದಕ್ಷಿಣಕ್ಕಿರುವ ಕೆಂಪು ಮರಳುಗಲ್ಲಿನ ಗುಡ್ಡದಲ್ಲಿ ನಾಲ್ಕು ಗುಹಾದೇವಾಲಯಗಳಿವೆ. ಊರಿನವರು ಇವುಗಳನ್ನು ಮೇಣಬಸದಿ ಎನ್ನುತ್ತಾರೆ. ಮೊದಲನೆಯದು ಶಿವನದು, ಎರಡನೆಯದೂ ಮೂರನೆಯದೂ ವಿಷ್ಣುವಿನವು, ನಾಲ್ಕನೆಯದು ಜೈನರದು. ಬಾದಾಮಿ ಚಾಲುಕ್ಯರು ರಾಜ್ಯ ಕಟ್ಟಿ ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ, ಅಂದರೆ 6ನೇ ಶತಮಾನದ ಉತ್ತರಾರ್ಧದಲ್ಲಿ, ಇವುಗಳಲ್ಲಿ ಮುಖ್ಯವಾದವು ಮುಗಿದಿದ್ದವು. ಕಲ್ಲಿನ ಮೇಲೆ ಕಲ್ಲಿಟ್ಟು ಗುಡಿ ಕಟ್ಟುವ ಕೆಲಸ ಕನ್ನಡ ನಾಡಿನಲ್ಲಿ ಇನ್ನೂ ಎಳೆಯದಾಗಿದ್ದ ಕಾಲವದು. ಐಹೊಳೆ, ಮಹಾಕೂಟ, ಪಟ್ಟದಕಲ್ಲುಗಳಲ್ಲಿ ಮುಂದೆ ಅರಳಿದ ವಾಸ್ತು ಮತ್ತು ಶಿಲ್ಪದ ಎಷ್ಟೋ ಗುಣಗಳು ಇಲ್ಲಿ ಬಂಡೆಯ ಹೊಟ್ಟೆಯಲ್ಲಿ ಮೊದಲು ರೂಪ ಪಡೆದವು.

ಈ ಜಾಗವನ್ನು ರಾಜಧಾನಿಗೆ ಆರಿಸಿಕೊಂಡವನು ಒಂದನೆಯ ಪುಲಕೇಶಿ. ಉತ್ತರದ ಗುಡ್ಡದ ಬಂಡೆಯೊಂದರ ಮೇಲೆ ಶಕ ವರ್ಷ 465ರ, ಅಂದರೆ ಕ್ರಿ.ಶ. 543ರ ಸಂಸ್ಕೃತ ಶಾಸನವಿದೆ. ಅಶ್ವಮೇಧ ಮಾಡಿದ ಚಾಲುಕ್ಯ ವಲ್ಲಭೇಶ್ವರನು ವಾತಾಪಿಯ ಬೆಟ್ಟವನ್ನು ಕೆಳಗಿನಿಂದಲೂ ಮೇಲಿನಿಂದಲೂ ಶತ್ರುಗಳಿಗೆ ಅಸಾಧ್ಯವಾದ ಕೋಟೆಯಾಗಿ ಮಾಡಿದನೆಂದು ಅದು ಹೇಳುತ್ತದೆ. ಆಯ್ಕೆಯ ಹಿಂದಿನ ಬುದ್ಧಿ ಸ್ಥಳ ನೋಡಿದರೆ ಅರ್ಥವಾಗುತ್ತದೆ. ಎರಡು ಗುಡ್ಡಗಳು ಎದುರುಬದುರು ನಿಂತಿವೆ, ನಡುವಿನ ಕಣಿವೆಯಲ್ಲಿ ಮಳೆನೀರು ತಡೆದು ನಿಲ್ಲಿಸಿದ ಕೆರೆ, ಕೆರೆಯ ಪಶ್ಚಿಮಕ್ಕೆ ಊರು. ಕೋಟೆಗೆ ಬೇಕಾದ ಕಡಿದಾದ ಗೋಡೆಯೂ ಊರಿಗೆ ಬೇಕಾದ ನೀರೂ ಒಂದೇ ಕಡೆ ಸಿಕ್ಕಿದ್ದವು. ಮಲಪ್ರಭಾ ಹೊಳೆ ಇಲ್ಲಿಂದ ದೂರವಿಲ್ಲ. ವಾತಾಪಿ ಮತ್ತು ಇಲ್ವಲ ಎಂಬ ರಾಕ್ಷಸ ಸೋದರರನ್ನು ಅಗಸ್ತ್ಯ ಮುನಿ ಅಡಗಿಸಿದ ಕಥೆ ವಾತಾಪಿ ಎಂಬ ಊರಿನ ಹಳೆಯ ಹೆಸರಿಗೂ ಕೆರೆಯ ಹೆಸರಿಗೂ ಅಂಟಿಕೊಂಡು ಬಂದಿದೆ.

ಗುಡ್ಡದ ಕಲ್ಲಿನ ಬಗ್ಗೆ ಮೊದಲೇ ಹೇಳಬೇಕು, ಏಕೆಂದರೆ ಇಲ್ಲಿನ ಶಿಲ್ಪಿಯ ಅರ್ಧ ಕೆಲಸವನ್ನು ಕಲ್ಲೇ ನಿರ್ಧರಿಸಿದೆ. ಕಲಾದಗಿ ಜಲಾನಯನವೆಂದು ಭೂವಿಜ್ಞಾನಿಗಳು ಕರೆಯುವ ಪ್ರದೇಶದ ಮರಳುಗಲ್ಲು ಇದು. ಕೋಟ್ಯಂತರ ವರ್ಷಗಳ ಹಿಂದೆ ನೀರು ತಂದು ಹಾಸಿದ ಮರಳು ಪದರ ಪದರವಾಗಿ ಗಟ್ಟಿಯಾಗಿದೆ. ಆ ಪದರಗಳು ಇಂದಿಗೂ ಕಾಣುತ್ತವೆ: ದೇವರ ಮುಖದ ಮೇಲೆ, ಕಂಬದ ಸುತ್ತ, ಛಾವಣಿಯಲ್ಲಿ ತಿಳಿಗೆಂಪು, ಕಡುಗೆಂಪು, ಬಿಳಿಚು ಹಳದಿ ಬಣ್ಣದ ಪಟ್ಟೆಗಳು ಹಾದುಹೋಗುತ್ತವೆ. ಮರಳುಗಲ್ಲು ಕಣಶಿಲೆಯಷ್ಟು ಹಟಮಾರಿಯಲ್ಲ. ಉಳಿಗೆ ಬೇಗ ಒಗ್ಗುತ್ತದೆ, ದೊಡ್ಡ ಆಕೃತಿಗಳನ್ನು ಧೈರ್ಯವಾಗಿ ಬಿಡಿಸಲು ಬಿಡುತ್ತದೆ. ಆದರೆ ನೀರು ಇಳಿದ ಕಡೆ ಪುಡಿಪುಡಿಯಾಗಿ ಉದುರುತ್ತದೆ. ಹೊಯ್ಸಳ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ತೆಗೆದ ಕೂದಲೆಳೆಯ ಕುಸುರಿಯನ್ನು ಇಲ್ಲಿ ಹುಡುಕಬಾರದು. ಇಲ್ಲಿರುವುದು ತುಂಬಿದ ಮೈ, ಅಗಲ ಭುಜ, ದೂರದಿಂದಲೇ ಓದಲು ಬರುವ ನಿಲುವು.

ಗುಹೆ ಕೊರೆಯುವುದು ಕಟ್ಟಡ ಕಟ್ಟುವುದಕ್ಕೆ ತದ್ವಿರುದ್ಧವಾದ ಕೆಲಸ. ಬಂಡೆಯ ಮುಖವನ್ನು ಮೊದಲು ನೆಟ್ಟಗೆ ಕಡಿದು ಸಮ ಮಾಡಬೇಕು. ಆಮೇಲೆ ಮೇಲಿನಿಂದ ಕೆಳಕ್ಕೆ, ಹೊರಗಿನಿಂದ ಒಳಕ್ಕೆ ಸಾಗಬೇಕು. ಛಾವಣಿ ಮೊದಲು ಮುಗಿಯುತ್ತದೆ, ನೆಲ ಕೊನೆಗೆ. ಕಂಬವನ್ನು ಯಾರೂ ತಂದು ನಿಲ್ಲಿಸುವುದಿಲ್ಲ. ಸುತ್ತಲ ಕಲ್ಲನ್ನು ತೆಗೆದು ಅದನ್ನು ಉಳಿಸಿಕೊಳ್ಳುತ್ತಾರೆ. ಗೋಡೆಯ ಮೇಲಿನ ದೇವತೆಗೆ ಬೇಕಾದ ದಪ್ಪವನ್ನು ಗೋಡೆ ಕಡಿಯುವಾಗಲೇ ಬಿಟ್ಟಿರಬೇಕು. ಒಂದು ಕೈ ಮುರಿದರೆ ಬೇರೆ ಕಲ್ಲು ತಂದು ಜೋಡಿಸಿ ಮರೆಸುವಂತಿಲ್ಲ. ಇಷ್ಟಾದರೂ ಈ ಗುಹೆಗಳು ಕಟ್ಟಡದ ರೂಪವನ್ನೇ ತಾಳಿವೆ: ಭಾರ ಹೊರಬೇಕಾಗಿಲ್ಲದ ತೊಲೆಗಳು, ಕಂಬದ ತಲೆಗೆ ಬೋದಿಗೆ, ಮುಂದಕ್ಕೆ ಚಾಚಿದ ಕಪೋತವೆಂಬ ಸೂರು. ಇವನ್ನು ಕೊರೆದವರ ಕಣ್ಣಮುಂದೆ ಮರದ ಕಟ್ಟಡಗಳಿದ್ದವು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ನಾಲ್ಕರದೂ ಹೆಚ್ಚುಕಡಿಮೆ ಒಂದೇ ನಕ್ಷೆ. ಮೊದಲು ಮೊಗಸಾಲೆ, ಅದರ ಹಿಂದೆ ಕಂಬಗಳ ಸಭಾಮಂಟಪ, ಹಿಂಗೋಡೆಯಲ್ಲಿ ಚಿಕ್ಕ ಚೌಕ ಗರ್ಭಗುಡಿ.

ಮೊದಲನೆಯ ಗುಹೆ ನೆಲಮಟ್ಟದಿಂದ ಸುಮಾರು 60 ಅಡಿ ಎತ್ತರದಲ್ಲಿದೆ. ಮೆಟ್ಟಿಲು ಮುಗಿಯುವಲ್ಲಿ, ಗುಹೆಯ ಹೊರಗೆ ಬಲಗಡೆಯ ಬಂಡೆಯ ಮೇಲೆ ಹದಿನೆಂಟು ಕೈಗಳ ನಟರಾಜನಿದ್ದಾನೆ. ಎತ್ತರ ಸುಮಾರು ಐದಡಿ. ಪಕ್ಕದಲ್ಲಿ ಗಣಪತಿ, ಮದ್ದಳೆ ಬಾರಿಸುವವನು, ಹಿಂದೆ ನಂದಿ. ಎಡಕ್ಕೆ ಒಂಬತ್ತು, ಬಲಕ್ಕೆ ಒಂಬತ್ತು ಕೈಗಳು ಬೀಸಣಿಗೆಯಂತೆ ಬಿಚ್ಚಿಕೊಂಡಿವೆ. ಎರಡು ಕಡೆಯಿಂದ ಒಂದೊಂದು ಕೈ ಆರಿಸಿ ಜೋಡಿಸಿದರೆ ಎಂಬತ್ತೊಂದು ಭಂಗಿಗಳಾಗುತ್ತವೆಂದು ಅಲ್ಲಿನ ಮಾರ್ಗದರ್ಶಿಗಳು ಲೆಕ್ಕ ಹೇಳುತ್ತಾರೆ. ಆ ಗುಣಾಕಾರಕ್ಕಿಂತ ದೊಡ್ಡ ಸಾಧನೆ ಬೇರೆಯಿದೆ. ಅಷ್ಟು ಕೈಗಳಿದ್ದರೂ ದೇಹ ಭಾರವಾಗಿಲ್ಲ, ಸೊಂಟದ ತಿರುವಿನಲ್ಲಿ ಕುಣಿತ ನಿಂತಿಲ್ಲ. ಎಡಗಡೆ ತ್ರಿಶೂಲ ಹಿಡಿದ ದ್ವಾರಪಾಲನ ಕೆಳಗೆ ಒಂದೇ ತಲೆಯನ್ನು ಹಂಚಿಕೊಂಡ ಎರಡು ಪ್ರಾಣಿಗಳಿವೆ. ಒಂದು ಕಡೆಯ ಮೈ ಮುಚ್ಚಿ ನೋಡಿದರೆ ಆನೆ, ಇನ್ನೊಂದು ಕಡೆಯದು ಮುಚ್ಚಿದರೆ ಎತ್ತು. ಮೊಗಸಾಲೆಯ ಎರಡು ತುದಿಗಳಲ್ಲಿ ಹರಿಹರನೂ ಅರ್ಧನಾರೀಶ್ವರನೂ ಎದುರುಬದುರಾಗಿದ್ದಾರೆ. ಅರ್ಧನಾರೀಶ್ವರನ ಬಳಿ ಎಲುಬಿನ ಹಂದರವಾಗಿ ಭೃಂಗಿ ನಿಂತಿದ್ದಾನೆ. ಶೈವ ಗುಹೆಯ ಹೊಸ್ತಿಲಲ್ಲೇ ಹರಿಯೂ ಸೇರಿದ ಹರನನ್ನು ನಿಲ್ಲಿಸಿದ ಈ ಮನಸ್ಸು ಬಾದಾಮಿಯ ಉದ್ದಕ್ಕೂ ಕಾಣುತ್ತದೆ.

ಅಲ್ಲಿಂದ ಅರುವತ್ತಕ್ಕೂ ಮಿಕ್ಕ ಮೆಟ್ಟಿಲು ಹತ್ತಿದರೆ ಎರಡನೆಯ ಗುಹೆ. ಇದು ಚಿಕ್ಕದು. ತ್ರಿವಿಕ್ರಮ, ಭೂದೇವಿಯನ್ನೆತ್ತಿದ ವರಾಹ, ಛಾವಣಿಯಲ್ಲಿ ಹದಿನಾರು ಮೀನುಗಳೇ ಅರಗಳಾದ ಚಕ್ರ ಇಲ್ಲಿ ನೋಡಬೇಕಾದವು.

ಮೂರನೆಯ ಗುಹೆಯ ಮಾತು ಬೇರೆ. ಮುಂಭಾಗದ ಅಗಲ ಸುಮಾರು 70 ಅಡಿ, ಎತ್ತರ ಸುಮಾರು 15 ಅಡಿ. ನಾಲ್ಕರಲ್ಲಿ ಇದೇ ದೊಡ್ಡದು, ಇದೇ ಶ್ರೇಷ್ಠ, ಮತ್ತು ತನ್ನ ಹುಟ್ಟಿದ ದಿನವನ್ನು ತಾನೇ ಹೇಳುವುದೂ ಇದೊಂದೇ. ಮೊಗಸಾಲೆಯ ಗೋಡೆಗಂಬದ ಮೇಲೆ, ವರಾಹನ ಪಕ್ಕದಲ್ಲಿ, ಸಂಸ್ಕೃತ ಶಾಸನವಿದೆ. ಚಾಲುಕ್ಯ ರಾಜ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷ, ಶಕ 500, ಕಾರ್ತಿಕ ಹುಣ್ಣಿಮೆ ಎಂದು ಅದು ಕಾಲವನ್ನು ತಿಳಿಸುತ್ತದೆ. ಅದು ಕ್ರಿ.ಶ. 578. ಭಾರತದ ಹಿಂದೂ ಗುಹಾಲಯಗಳಲ್ಲಿ ಇಷ್ಟು ಖಚಿತವಾದ ದಿನ ಸಿಗುವುದು ಬಹಳ ಅಪರೂಪ. ಆದ್ದರಿಂದಲೇ ದಖನ್ನಿನ ಶಿಲ್ಪಚರಿತ್ರೆ ಬರೆಯುವವರೆಲ್ಲ ಈ ಗೋಡೆಗಂಬಕ್ಕೆ ಹಗ್ಗ ಕಟ್ಟಿ ಹಿಂದಕ್ಕೂ ಮುಂದಕ್ಕೂ ಅಳೆಯುತ್ತಾರೆ. ಮೊದಲೆರಡು ಗುಹೆಗಳು ಇದಕ್ಕೆ ಹಿಂದಿನವೋ ಸಮಕಾಲೀನವೋ ಎಂಬ ಚರ್ಚೆಯೂ ಈ ದಿನಾಂಕದಿಂದಲೇ ಹೊರಡುತ್ತದೆ.

ಗುಹೆಯನ್ನು ಮಾಡಿಸಿದವನು ರಾಜನಲ್ಲ, ರಾಜನ ತಮ್ಮ ಮಂಗಲೇಶ. ದೇವರಿಗೂ ಮನುಷ್ಯರಿಗೂ ಅಚ್ಚರಿ ತರುವಂಥ ಮಹಾವಿಷ್ಣುಗೃಹವನ್ನು ಮಾಡಿಸಿದೆನೆಂದು ಹೆಮ್ಮೆಯಿಂದ ಹೇಳಿಕೊಂಡ ಬಳಿಕ ಅವನು ಅದರ ಪುಣ್ಯವನ್ನು ತನಗೆಂದು ಇಟ್ಟುಕೊಳ್ಳಲಿಲ್ಲ. ಸೂರ್ಯ, ಅಗ್ನಿ ಮತ್ತು ಸೇರಿದ ಜನರ ಎದುರು ನೀರೆರೆದು ಅಣ್ಣನಿಗೆ ಅರ್ಪಿಸಿದನು. ಅಣ್ಣನ ಸೇವೆ ಮಾಡಿದ ಫಲವಷ್ಟೇ ತನಗಿರಲಿ ಎಂದು ಬರೆಸಿದನು. ಮುಂದೆ ಇದೇ ಮಂಗಲೇಶ ಅಣ್ಣನ ಮಗ ಇಮ್ಮಡಿ ಪುಲಕೇಶಿಯನ್ನು ಬದಿಗೊತ್ತಿ ಸ್ವಂತ ಮಗನಿಗೆ ಪಟ್ಟ ಕಟ್ಟಲು ಹೊರಟು, ಆ ಕಲಹದಲ್ಲಿ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ ಸಂಗತಿಯನ್ನು ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ 634ರಲ್ಲಿ ಬರೆದ ಪ್ರಶಸ್ತಿ ತಿಳಿಸುತ್ತದೆ. ಎರಡು ಶಾಸನಗಳನ್ನು ಒಟ್ಟಿಗೆ ಓದಿದವರಿಗೆ ಬಾದಾಮಿಯ ಗೋಡೆಗಂಬದ ಮಾತು ಮನಸ್ಸಿನಲ್ಲಿ ಬಹಳ ಹೊತ್ತು ನಿಲ್ಲುತ್ತದೆ. 578ರಲ್ಲಿ ಅದನ್ನು ಬರೆಸಿದಾಗ ಮಂಗಲೇಶನ ಮನಸ್ಸಿನಲ್ಲಿ ಇದ್ದದ್ದು ಅದೇ ಎಂದು ನಂಬದಿರಲು ಕಾರಣವಿಲ್ಲ.

ದತ್ತಿಯ ವಿವರ ಇನ್ನೂ ಮುಖ್ಯ. ಲಂಜೀಶ್ವರವೆಂಬ ಊರನ್ನು ಗುಡಿಗೆ ಬಿಟ್ಟಿದ್ದಾನೆ. ಅದರ ಹುಟ್ಟುವಳಿಯಲ್ಲಿ ನಾರಾಯಣಬಲಿ ನಡೆಯಬೇಕು, ಹದಿನಾರು ಬ್ರಾಹ್ಮಣರಿಗೆ ಊಟವಾಗಬೇಕು, ಉಳಿದದ್ದು ಪರಿವ್ರಾಜಕರ, ಎಂದರೆ ಊರೂರು ಅಲೆಯುವ ಸಂನ್ಯಾಸಿಗಳ, ಊಟಕ್ಕೆ ಸಲ್ಲಬೇಕು. ಗುಡಿ ಹುಟ್ಟಿದ ದಿನವೇ ದಾರಿಹೋಕರ ಅನ್ನಕ್ಕೆ ಏರ್ಪಾಡಾಗಿತ್ತು. ಗುಹಾಲಯವೆಂದರೆ ಪೂಜೆಯ ಜಾಗ ಮಾತ್ರವೆಂದು ಇಂದು ತಿಳಿಯುವುದುಂಟು. ಆದರೆ ಬೌದ್ಧರ ಕಾಲದಿಂದಲೂ ದಖನ್ನಿನ ಗುಹೆಗಳು ವ್ಯಾಪಾರದ ದಾರಿಗಳ ಮಗ್ಗುಲಲ್ಲಿ, ಮಳೆಗಾಲದಲ್ಲಿ ತಿರುಗಾಟ ನಿಲ್ಲಿಸಿದ ಭಿಕ್ಷುಗಳ ಬಿಡಾರವಾಗಿ ಬೆಳೆದವು. ಬಾದಾಮಿಯ ಗುಹೆಗಳಲ್ಲಿ ಮಲಗುವ ಕೋಣೆಗಳಿಲ್ಲ. ಆದರೆ ಅಲೆಯುವವನನ್ನು ನೆನೆಯುವ ಆ ಹಳೆಯ ಪದ್ಧತಿ ದತ್ತಿಯ ಸಾಲಿನಲ್ಲಿ ಉಳಿದುಬಂದಿದೆ.

ಅದೇ ಗುಹೆಯ ಹೊರಗೆ ಮಂಗಲೇಶನದೇ ಒಂದು ಪುಟ್ಟ ಕನ್ನಡ ಶಾಸನವಿದೆ. ಹಲ್ಮಿಡಿ ಶಾಸನದ ನಂತರದ ಅತಿ ಹಳೆಯ ಕನ್ನಡ ಬರಹಗಳಲ್ಲಿ ಇದೂ ಒಂದು. ಸಂಸ್ಕೃತ ಶಾಸನದ ಮಹಾವಿಷ್ಣುಗೃಹ ಇಲ್ಲಿ ಬರಿಯ ಕಲ್ಮನೆ. ಲಂಜಿಗೇಸರವನ್ನು, ಎಂದರೆ ಲಂಜೀಶ್ವರವನ್ನು, ದೇವರಿಗೆ ಕೊಟ್ಟದ್ದನ್ನು ಹೇಳಿ, ಹೂ ಕಟ್ಟುವ ಮಾಲೆಗಾರರ ಪಾಲನ್ನೂ ಅದು ದಾಖಲಿಸುತ್ತದೆ. ದತ್ತಿಯನ್ನು ಅಳಿಸಿದವನು ಏಳನೆಯ ನರಕದ ಹುಳುವಾಗಲಿ ಎಂಬ ಶಾಪದಿಂದ ಮುಗಿಯುತ್ತದೆ. ವಂಶದ ಕೀರ್ತಿ, ಯಜ್ಞಗಳ ಪಟ್ಟಿ ಸಂಸ್ಕೃತದಲ್ಲಿ. ಹೂವಿನವನ ಪಾಲು ಮತ್ತು ಶಾಪ ಊರಿನ ಮಾತಿನಲ್ಲಿ. ಯಾರಿಗೆ ಯಾವುದು ತಿಳಿಯಬೇಕು ಎಂಬುದನ್ನು ಬರೆಸಿದವರು ಚೆನ್ನಾಗಿ ಬಲ್ಲವರಾಗಿದ್ದರು.

ಈ ಗುಹೆಯ ಶಿಲ್ಪಗಳಲ್ಲಿ ಎಲ್ಲರೂ ಮೊದಲು ನೋಡುವುದು ಮೊಗಸಾಲೆಯ ಪೂರ್ವ ತುದಿಯಲ್ಲಿ ಅನಂತನ ಸುರುಳಿಯ ಮೇಲೆ ಕುಳಿತ ವಿಷ್ಣುವನ್ನು. ಶೇಷನ ಮೇಲೆ ಮಲಗಿದ ವಿಷ್ಣುವನ್ನು ಕಂಡ ಕಣ್ಣಿಗೆ ಈ ಕೂತ ಭಂಗಿ ಹೊಸದು. ಒಂದು ಕಾಲು ಮಡಿಸಿ, ದರ್ಬಾರಿನಲ್ಲಿ ಕುಳಿತ ಅರಸನ ಗತ್ತಿನಲ್ಲಿ ದೇವರು ಕುಳಿತಿದ್ದಾನೆ. ತಲೆಯ ಮೇಲೆ ಹೆಡೆಗಳ ಕೊಡೆ. ಪಕ್ಕದಲ್ಲೇ ಚಾಲುಕ್ಯರ ಲಾಂಛನವಾದ ವರಾಹ. ಮುಳುಗುತ್ತಿದ್ದ ಭೂಮಿಯನ್ನು ಎತ್ತಿದ ದೇವರಲ್ಲಿ ಹೊಸ ರಾಜವಂಶ ತನ್ನ ಕೆಲಸವನ್ನೇ ಕಂಡುಕೊಂಡಿತು. ಇನ್ನೊಂದು ತುದಿಯಲ್ಲಿ ನರಸಿಂಹ. ಹಿರಣ್ಯಕಶಿಪುವಿನ ಕರುಳು ಬಗೆಯುವ ಉಗ್ರನಲ್ಲ ಇವನು, ಸೊಂಟ ಸ್ವಲ್ಪ ಓರೆಮಾಡಿ ನಿರಾಳವಾಗಿ ನಿಂತವನು. ಹೊರಬದಿಯಲ್ಲಿ ಕಾಲನ್ನು ಆಕಾಶಕ್ಕೆ ಚಾಚಿದ ತ್ರಿವಿಕ್ರಮನಿದ್ದಾನೆ.

ಕಂಬಗಳ ಬೋದಿಗೆಗಳಿಗೆ ಬೇರೆಯೇ ಜೀವವಿದೆ. ಪ್ರತಿ ಬೋದಿಗೆಯಲ್ಲೂ ಮರದ ಕೆಳಗೆ ಒಂದೊಂದು ಜೋಡಿ. ಒಂದು ಜೋಡಿಯಂತೆ ಇನ್ನೊಂದಿಲ್ಲ. ಬಳಲಿ ಬಾಗಿದ ಹೆಣ್ಣನ್ನು ಗಂಡು ತೋಳಿನಲ್ಲಿ ಆತುಕೊಂಡಿದ್ದಾನೆ, ಇನ್ನೊಂದೆಡೆ ಅವಳು ಅವನ ಹೆಗಲಿಗೆ ಒರಗಿದ್ದಾಳೆ. ಕಾಲಬುಡದಲ್ಲಿ ಕುಳ್ಳರೂ ದಾಸಿಯರೂ ಇದ್ದಾರೆ. ತಲೆಗೂದಲನ್ನು ಕಟ್ಟಿದ ಬಗೆ, ಸೊಂಟಪಟ್ಟಿ, ಉಟ್ಟ ಬಟ್ಟೆಯ ನೆರಿಗೆ ಇವುಗಳಿಂದ 6ನೇ ಶತಮಾನದ ಕನ್ನಡ ನಾಡಿನ ಉಡುಗೆ ತೊಡುಗೆಯ ಒಂದು ಪುಸ್ತಕವನ್ನೇ ಬರೆಯಬಹುದು. ದೇವರುಗಳನ್ನು ಮಾತ್ರ ನೋಡಿ ಕೆಳಗಿಳಿದವರು ಈ ಗುಹೆಯ ಅರ್ಧವನ್ನು ಕಳೆದುಕೊಂಡಂತೆಯೇ.

ಕಪೋತದ ಒಳಮೈಯ ತಗ್ಗಿನಲ್ಲಿ ಬಣ್ಣದ ಚಿತ್ರಗಳ ಅವಶೇಷಗಳಿವೆ. ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಷ್ 1936ರಲ್ಲಿ ಇವುಗಳ ಬಗ್ಗೆ ಬರೆದ ಮೇಲೆ ವಿದ್ವತ್ತಿನ ಲೋಕ ಅತ್ತ ತಿರುಗಿತು. ಮುಂಬಯಿಯ ಜೆ.ಜೆ. ಕಲಾಶಾಲೆಯ ಕಲಾವಿದ ಜೆ.ಎಂ. ಅಹಿವಾಸಿ ಇವುಗಳ ಪ್ರತಿ ಮಾಡಿದರು. ಅರಮನೆಯೊಂದರಲ್ಲಿ ಕುಳಿತ ವ್ಯಕ್ತಿ, ಎದುರಿಗೆ ನೃತ್ಯ ಮತ್ತು ವಾದ್ಯ, ಬೇರೊಂದೆಡೆ ಆಕಾಶದಲ್ಲಿ ತೇಲುವ ಜೋಡಿಗಳು. ಅಜಂತೆಯ ಬಣ್ಣದ ಪರಂಪರೆ ಬೌದ್ಧರ ಗುಹೆಗಳ ಆಚೆಗೂ ಬದುಕಿತ್ತು ಎಂಬುದಕ್ಕೆ ಇವು ಬೆಲೆಬಾಳುವ ಸಾಕ್ಷಿ. ಇಂದು ಬರಿಗಣ್ಣಿಗೆ ಕಾಣುವುದು ಕಂದು ಹಸಿರು ಬಣ್ಣದ ಕಲೆಗಳಷ್ಟೇ.

ನಾಲ್ಕನೆಯ ಗುಹೆ ಮೂರನೆಯದರ ಪೂರ್ವಕ್ಕೆ, ಸ್ವಲ್ಪ ಕೆಳಮಟ್ಟದಲ್ಲಿದೆ. ಇದು ಕೊನೆಯದು, ಚಿಕ್ಕದು. ಮೊಗಸಾಲೆಯ ಒಂದು ತುದಿಯಲ್ಲಿ ಹೆಡೆ ಹೊತ್ತ ಪಾರ್ಶ್ವನಾಥ, ಇನ್ನೊಂದರಲ್ಲಿ ಬಳ್ಳಿ ಹಬ್ಬಿದ ಬಾಹುಬಲಿ. ಶ್ರವಣಬೆಳಗೊಳದ ವಿಗ್ರಹಕ್ಕಿಂತ ಈ ಬಾಹುಬಲಿ ಶತಮಾನಗಳಷ್ಟು ಹಿರಿಯನು, ಹೆಗಲ ಮೇಲೆ ಕೂದಲು ಇಳಿಬಿಟ್ಟವನು. ಗರ್ಭಗುಡಿಯಲ್ಲಿ ಮಹಾವೀರ. ಅವನ ಪೀಠದ ಮೇಲೆ 12ನೇ ಶತಮಾನದ ಕನ್ನಡ ಬರಹ ಜಕ್ಕವ್ವೆ ಎಂಬಾಕೆಯ ಸಮಾಧಿಮರಣವನ್ನು ದಾಖಲಿಸುತ್ತದೆ. ಗೋಡೆ ಕಂಬಗಳ ತುಂಬ ಸಾಲುಸಾಲಾಗಿ ಕೊರೆದ ಚಿಕ್ಕ ತೀರ್ಥಂಕರರಲ್ಲಿ ಎಷ್ಟೋ ನಂತರದ ಶತಮಾನಗಳ ಭಕ್ತರ ಸೇರ್ಪಡೆ. ಕೊರೆದು ಮುಗಿದು ಐದಾರು ನೂರು ವರ್ಷವಾದರೂ ಗುಹೆಗೆ ಜನ ನಡೆದುಕೊಳ್ಳುತ್ತಿದ್ದರು ಎಂಬುದು ಇದರಿಂದ ಸ್ಪಷ್ಟ.

ರಾಜಧಾನಿಯ ಭಾಗ್ಯ ಮಾತ್ರ ಅಷ್ಟು ದೀರ್ಘವಾಗಿರಲಿಲ್ಲ. 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದು ವಾತಾಪಿಕೊಂಡ ಎಂಬ ಬಿರುದು ಪಡೆದ. ಅವನ ಆಳ್ವಿಕೆಯ 13ನೆಯ ವರ್ಷದ ಒಡೆದುಹೋದ ಶಾಸನ ಊರಿನ ಬಂಡೆಯ ಮೇಲೆ ಈಗಲೂ ಇದೆ. ಹನ್ನೆರಡು ಹದಿಮೂರು ವರ್ಷಗಳ ಬಳಿಕ ಒಂದನೆಯ ವಿಕ್ರಮಾದಿತ್ಯ ಊರನ್ನು ಮರಳಿ ಪಡೆದ. 8ನೇ ಶತಮಾನದ ನಡುವೆ ರಾಷ್ಟ್ರಕೂಟರು ಬಂದ ಮೇಲೆ ರಾಜಕೀಯ ಕೇಂದ್ರ ಬೇರೆಡೆಗೆ ಸರಿಯಿತು. ಅದಕ್ಕೂ ಮುಂಚೆ, 700ರ ಸುಮಾರಿಗೆ, ಕೆರೆಯ ಈಶಾನ್ಯದ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಮೂಡಿತ್ತು. ಕನ್ನಡ ತ್ರಿಪದಿಯ ಅತಿ ಹಳೆಯ ಮಾದರಿ ಉಳಿದಿರುವುದು ಅಲ್ಲಿಯೇ. ಗುಹೆಗಳಿಂದ ಕೆರೆಯ ಆಚೆ ದಡಕ್ಕೆ ಹೋಗಿ ಬಂಡೆಯ ಮುಂದೆ ನಿಲ್ಲುವುದು ಯಾವ ಕನ್ನಡಿಗನೂ ತಪ್ಪಿಸಬಾರದ ನಡಿಗೆ.

ಮುಂದಿನ ಶತಮಾನಗಳಲ್ಲಿ ಗುಡ್ಡಗಳು ಮತ್ತೆ ಕೋಟೆಯ ಕೆಲಸಕ್ಕೇ ಬಂದವು. ವಿಜಯನಗರದವರು ಕೋಟೆ ಬಲಪಡಿಸಿದರು. ಬಿಜಾಪುರದ ಆದಿಲ್‌ಶಾಹಿಗಳ ಕಾಲದ ಮಸೀದಿ, ಗೋರಿಗಳು ಗುಹೆಯ ತಪ್ಪಲಿನಲ್ಲಿವೆ. 1786ರಲ್ಲಿ ಮರಾಠರೂ ನಿಜಾಮನೂ ಕೂಡಿ ಟಿಪ್ಪುವಿನ ಕಡೆಯವರಿಂದ ಕೋಟೆ ಕಿತ್ತುಕೊಂಡರು. 1818ರಲ್ಲಿ ಅದು ಬ್ರಿಟಿಷರ ಥಾಮಸ್ ಮನ್ರೋನ ವಶವಾಯಿತು. 1840-41ರಲ್ಲಿ ಕಣ್ಣಿಲ್ಲದ ನರಸಿಂಹ ದತ್ತಾತ್ರೇಯ ಪೇಟಕರನ ಬಂಡಾಯ ಇಲ್ಲಿ ನಡೆಯಿತು.

ಗುಹೆಗಳನ್ನು ಆಧುನಿಕ ವಿದ್ವತ್ತಿಗೆ ಪರಿಚಯಿಸಿದವರಲ್ಲಿ ಜೇಮ್ಸ್ ಬರ್ಜೆಸ್ ಮುಖ್ಯ. ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳ ಬಗೆಗಿನ ಅವರ ಪುರಾತತ್ತ್ವ ವರದಿ 1874ರಲ್ಲಿ ಅಚ್ಚಾಯಿತು. ಶಾಸನಗಳನ್ನು ಓದಿ ಪ್ರಕಟಿಸಿದವರು ಜೆ.ಎಫ್. ಫ್ಲೀಟ್. ಗದಗದಿಂದ ಬಿಜಾಪುರದ ಮೂಲಕ ಹೊಟಗಿಗೆ ಸದರ್ನ್ ಮರಾಠಾ ರೈಲ್ವೆಯ ಮೀಟರ್‌ಗೇಜ್ ಹಳಿ 1884ರ ಹೊತ್ತಿಗೆ ಬಂದು, ಎತ್ತಿನ ಗಾಡಿಯ ಹಾದಿಯಲ್ಲಿದ್ದ ಊರು ರೈಲಿನ ನಕ್ಷೆಗೆ ಸೇರಿತು. ನಿಲ್ದಾಣ ಊರಿನಿಂದ ಐದು ಕಿಲೋಮೀಟರಿನಷ್ಟು ದೂರ. ಆರ್.ಡಿ. ಬ್ಯಾನರ್ಜಿ ಬಾದಾಮಿಯ ಶಿಲ್ಪಫಲಕಗಳ ಮೇಲೆ ಬರೆದ ಗ್ರಂಥವನ್ನು ಪುರಾತತ್ತ್ವ ಇಲಾಖೆ 1928ರಲ್ಲಿ ಹೊರತಂದಿತು.

ಈಗ ಬಸ್ಸು, ಕಾರುಗಳಲ್ಲಿ ಬರುವ ಪ್ರವಾಸಿಗಳ ಜೊತೆಗೆ ಒಂಟಿಯಾಗಿ ಸೈಕಲ್ ತುಳಿದು ಬರುವವರೂ ಇದ್ದಾರೆ. ಹಂಪಿಯಿಂದ ವಿಜಯಪುರದ ಕಡೆಗೆ ಹೊರಟವರಿಗೆ ಬಾದಾಮಿ ದಾರಿಯ ನಡುವೆ ಸಿಗುತ್ತದೆ. ದಿನವಿಡೀ ಜೋಳ, ಸೂರ್ಯಕಾಂತಿ ಹೊಲಗಳ ನಡುವೆ ಎರೆಭೂಮಿಯ ಬಯಲಲ್ಲಿ ಸಾಗಿ ಬಂದವರಿಗೆ ಕೆಂಪು ಗುಡ್ಡ ಕಾಣಿಸಿದಾಗ ಒಂದು ದಿನ ನಿಲ್ಲಬೇಕೆನಿಸುವುದು ಸಹಜ. ದೂರದ ಸೈಕಲ್ ಪಯಣದಲ್ಲಿ ಬಿಡುವಿನ ದಿನವೆಂದರೆ ತೊಡೆಯ ಸ್ನಾಯುಗಳಿಗೆ ವಿಶ್ರಾಂತಿ, ಬಟ್ಟೆ ಒಗೆತ, ಚೈನಿಗೆ ಎಣ್ಣೆ. ಉಳಿದ ಹೊತ್ತಿಗೆ ಗುಹೆಗಳು ಹೇಳಿ ಮಾಡಿಸಿದಂತಿವೆ. ಹತ್ತುವ ಮೆಟ್ಟಿಲು ಒಟ್ಟು ಇನ್ನೂರರ ಆಸುಪಾಸು, ಒಂದೊಂದು ಗುಹೆಯ ಬಳಿ ನೆರಳು, ನಡುನಡುವೆ ಕೂರಲು ಜಾಗ. ತಪ್ಪಲಿನಲ್ಲಿ ಕೋತಿಗಳ ಕಾಟ ಜೋರು, ಸೈಕಲ್ಲಿನ ಚೀಲದಲ್ಲಿ ಬಾಳೆಹಣ್ಣು ಬಿಟ್ಟು ಹೋಗಬಾರದು.

ನಾಲ್ಕೂ ಗುಹೆಗಳ ಮುಖ ಉತ್ತರಕ್ಕಿರುವುದರಿಂದ ನೇರ ಬಿಸಿಲು ಒಳಗೆ ಹೆಚ್ಚು ಬೀಳುವುದಿಲ್ಲ. ಶಿಲ್ಪಗಳಿಗೆ ಸಿಗುವುದು ನೆಲದಿಂದಲೂ ಎದುರಿನ ಬಂಡೆಗಳಿಂದಲೂ ಹೊಮ್ಮಿ ಬರುವ ಬೆಳಕು. ಹೀಗಾಗಿ ಹೊತ್ತೇರಿದ ಮೇಲೂ ಅವು ಚೆನ್ನಾಗಿ ಕಾಣುತ್ತವೆ. ಕಣ್ಣು ಒಳಗಿನ ಮಬ್ಬಿಗೆ ಹೊಂದಿಕೊಳ್ಳಲು ಮಾತ್ರ ಸಮಯ ಬೇಕು. ಗಾಡಿಗೆ ಹೊತ್ತಾಯಿತೆಂದು ಓಡುವ ಗುಂಪು ಅರ್ಧ ಗಂಟೆಯಲ್ಲಿ ನಾಲ್ಕನ್ನೂ ಮುಗಿಸುತ್ತದೆ. ತನ್ನ ದಿನ ತನ್ನ ಕೈಯಲ್ಲೇ ಇರುವ ಒಂಟಿ ಪಯಣಿಗನಿಗೆ ಮೂರನೆಯ ಗುಹೆಯೊಂದರಲ್ಲೇ ಒಂದು ಬೆಳಗು ಕಳೆಯುವ ಅನುಕೂಲವಿದೆ. ಬೋದಿಗೆಯ ಜೋಡಿಗಳನ್ನು ಒಂದೊಂದಾಗಿ ನೋಡುವುದಕ್ಕೆ ಅಷ್ಟು ಹೊತ್ತು ಬೇಕೇ ಬೇಕು.

ಮಧ್ಯಾಹ್ನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಸಿಗುತ್ತದೆ. ಐದು ಕಿಲೋಮೀಟರ್ ದೂರದ ಬನಶಂಕರಿಯಲ್ಲಿ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ, ಕುಡಿಕೆಯಲ್ಲಿ ಕೆನೆಮೊಸರು ಇಟ್ಟುಕೊಂಡು ಮಾರುತ್ತಾರೆ. ಸಂಜೆಯ ಹೊತ್ತಿಗೆ ಕೆರೆಯ ಪೂರ್ವ ದಂಡೆಯ ಭೂತನಾಥ ಗುಡಿ, ಉತ್ತರದ ಗುಡ್ಡದ ಮಾಲೆಗಿತ್ತಿ ಶಿವಾಲಯಗಳನ್ನು ನೋಡಬಹುದು. ಮಾಲೆಗಿತ್ತಿಯ ಶಾಸನದಲ್ಲಿ ಆರ್ಯಮಿಂಚಿ ಉಪಾಧ್ಯಾಯನೆಂಬ ಶಿಲ್ಪಿಯ ಹೆಸರಿದೆ. ಬಂಡೆ ಕೊರೆಯುವುದನ್ನು ಬಿಟ್ಟು ಕಲ್ಲು ಜೋಡಿಸಿ ಕಟ್ಟಲು ತೊಡಗಿದ ಮೇಲೆ ಚಾಲುಕ್ಯರ ಕೆಲಸ ಹೇಗೆ ಬದಲಾಯಿತೆಂದು ತಿಳಿಯಲು ಈ ಗುಡಿಯೇ ಮೊದಲ ಪಾಠ. ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದ ಲಜ್ಜಾಗೌರಿಯ ವಿಗ್ರಹವಿದೆ.

ಪಟ್ಟದಕಲ್ಲು ಇಲ್ಲಿಂದ 22 ಕಿಲೋಮೀಟರ್. 1987ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಅದೊಂದೇ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ದೇವಾಲಯ ವಾಸ್ತುವಿನ ವಿಕಾಸದ ಹೆಸರಿನಲ್ಲಿ ಒಟ್ಟಾಗಿ ಸೇರಿಸುವ ಪ್ರಸ್ತಾವ 2015ರಿಂದ ತಾತ್ಕಾಲಿಕ ಪಟ್ಟಿಯಲ್ಲಿದೆ. ಮೂರೂ ಊರುಗಳು ಒಂದೇ ಮನೆತನದ, ಒಂದೇ ಹೊಳೆಯ ಕಣಿವೆಯ ಕೆಲಸವಾದ್ದರಿಂದ ಅವುಗಳನ್ನು ಒಟ್ಟಿಗೆ ಎಣಿಸುವುದೇ ನ್ಯಾಯ. ಮರುದಿನ ಮಹಾಕೂಟದ ಕಡೆಯಿಂದ ಪಟ್ಟದಕಲ್ಲಿಗೂ ಅಲ್ಲಿಂದ ಐಹೊಳೆಗೂ ಸೈಕಲ್ ತುಳಿಯುವವರು ಆ ಇಡೀ ಕೆಲಸವನ್ನು ಒಂದೇ ಹಗಲಿನಲ್ಲಿ, ಹೆಚ್ಚುಕಡಿಮೆ ಅದು ಬೆಳೆದ ನೆಲದ ಅಳತೆಯಲ್ಲೇ, ನೋಡಿದಂತಾಗುತ್ತದೆ.